ಗುಬ್ಬಿಯಲ್ಲಿ ಹೊತ್ತಿತು, ಕುಣಿಗಲ್‌ನಲ್ಲಿ ಆರಿತು

ನಮ್ಮ ಮನೆಯ ಜೀಪಿಗೆ ಈಗ ಹದಿನೆಂಟು ವರ್ಷ. ಜೀಪು ಅಂದರೆ ನಿಜವಾದ ಜೀಪಲ್ಲ. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಕೊಡಬಲ್ಲ, ಎತ್ತರದ ಡೀಸೆಲ್ ಗಾಡಿ. ತುಮಕೂರಿನ ಕಡೆ ಅಂಥದ್ದಕ್ಕೆಲ್ಲ ನಾವು ಜೀಪು ಎಂದೇ ಅನ್ನುವುದು. ತೋಟಕ್ಕೆ ಗೊಬ್ಬರ ಹೊತ್ತಿದೆ, ದೇವರಾಯನದುರ್ಗದ ಬೆಟ್ಟ ಹತ್ತಿದೆ, ಮದುವೆ ಮನೆಗೆ ಹದಿಮೂರು ಜನರನ್ನು ತುಂಬಿಕೊಂಡು ಹೋಗಿದೆ. ಹದಿಮೂರು ಜನ ಕೂರಿಸಿದ್ದು ತಪ್ಪು. ಅದನ್ನೂ ಒಪ್ಪಿಕೊಂಡುಬಿಡುತ್ತೇನೆ, ಯಾಕೆಂದರೆ ಈ ಬರಹದಲ್ಲಿ ಒಪ್ಪಿಕೊಳ್ಳಬೇಕಾದ್ದು ಇನ್ನೂ ಇದೆ.

ಕಳೆದ ಯುಗಾದಿಯಿಂದ ಜೀಪಿಗೆ ಒಂದು ಚಟ ಹತ್ತಿಕೊಂಡಿತ್ತು. ವೇಗ ತೋರಿಸುವ ಮುಳ್ಳಿನ ಪಕ್ಕ ‘ಎಬಿಎಸ್’ ಎಂಬ ಮೂರಕ್ಷರದ ಹಳದಿ ದೀಪವಿದೆ. ಕೀಲಿ ತಿರುಗಿಸಿದಾಗ ಅದು ಹೊತ್ತಿ, ಮೂರು ನಾಲ್ಕು ಸೆಕೆಂಡಿನಲ್ಲಿ ಆರಬೇಕು. ಆರುತ್ತಿತ್ತು. ಆಮೇಲೆ ದಾರಿಯಲ್ಲೆಲ್ಲೋ, ಹೇಳದೆ ಕೇಳದೆ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಗಾಡಿ ನಿಲ್ಲಿಸಿ, ಕೀಲಿ ತೆಗೆದು, ಮತ್ತೆ ಚಾಲೂ ಮಾಡಿದರೆ ಮಾಯ! ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ಮತ್ತೆ ಪ್ರತ್ಯಕ್ಷ. ಡಾಕ್ಟರ ಮುಂದೆ ಕೂತ ಕೂಡಲೇ ನಿಂತುಹೋಗುವ ಕೆಮ್ಮಿನ ಹಾಗೆ, ಗ್ಯಾರೇಜಿನ ಗೇಟು ದಾಟಿದರೆ ದೀಪ ಮುಖ ತೋರಿಸುತ್ತಲೇ ಇರಲಿಲ್ಲ.

ಒಂದು ದೊಡ್ಡ ಗ್ಯಾರೇಜಿನಲ್ಲಿ ಕಂಪ್ಯೂಟರ್ ಜೋಡಿಸಿ ನೋಡಿದರು. ‘ಎಡ ಮುಂಚಕ್ರದ ಸೆನ್ಸರ್’ ಎಂದು ಅದು ಹೇಳಿತಂತೆ. ಹೊಸ ಸೆನ್ಸರ್ ಹಾಕಿದರು, ನಾಲ್ಕು ಸಾವಿರದ ಎಂಟುನೂರು ರೂಪಾಯಿ ತೆಗೆದುಕೊಂಡರು. ಹತ್ತನೆಯ ದಿನ ದೀಪ ಹೊತ್ತಿತು. ಇನ್ನೊಂದು ಕಡೆ ಒಬ್ಬ ಹುಡುಗ, “ಬ್ರೇಕ್ ಹಿಡೀತಾ ಇದೆಯಲ್ಲ ಸಾರ್, ಬಲ್ಬ್ ತೆಗೆದುಬಿಡೋಣ, ನೆಮ್ಮದಿಯಾಗಿರಿ” ಎಂದ. ನಾನು ಬಲ್ಬ್ ತೆಗೆಸಲಿಲ್ಲ. ಮನೆಗೆ ಬಂದು ದೀಪದ ಮೇಲೆ ಕಪ್ಪು ಟೇಪಿನ ಒಂದು ಚೂರು ಅಂಟಿಸಿದೆ. ಎರಡಕ್ಕೂ ಏನು ವ್ಯತ್ಯಾಸ ಎಂದು ಈಗ ನನ್ನನ್ನು ಕೇಳಬೇಡಿ.

ಬೆಂಗಳೂರಿನಲ್ಲಿರುವ ಮಗನಿಗೆ ದೀಪದ ವಿಷಯ ಗೊತ್ತಿತ್ತು, ಟೇಪಿನ ವಿಷಯ ಗೊತ್ತಿರಲಿಲ್ಲ. ಬೇಸಿಗೆ ರಜೆಗೆ ಮಕ್ಕಳನ್ನು ಬಿಟ್ಟು ಹೋಗುವಾಗ, “ಆ ದೀಪ ಸರಿಯಾಗೋವರೆಗೂ ಇವರನ್ನು ಅದರಲ್ಲಿ ಕೂರಿಸಬೇಡಿ ಅಪ್ಪ” ಎಂದಿದ್ದ. ಹೂಂ ಅಂದಿದ್ದೆ. ಮನಸ್ಸಿನಲ್ಲಿ ಮಾತ್ರ, ‘ನಲವತ್ತು ವರ್ಷ ಎಬಿಎಸ್ ಇಲ್ಲದೆ ಓಡಿಸಿದವನು ನಾನು, ನೀನು ಹುಟ್ಟುವ ಮೊದಲೇ ಘಾಟಿ ಇಳಿಸಿದ್ದೇನೆ’ ಎಂದುಕೊಂಡಿದ್ದೆ.

ಶಾಲೆ ಶುರುವಾಗಲು ನಾಲ್ಕೇ ದಿನ. ಕೃತ್ತಿಕಾ ಮಳೆ ಹೋಗಿ ರೋಹಿಣಿ ಹುಟ್ಟುವ ಹೊತ್ತು. ಎಂಟನೇ ಕ್ಲಾಸಿಗೆ ಹೋಗುವ ಮೊಮ್ಮಗಳಿಗೂ ನಾಲ್ಕನೇ ಕ್ಲಾಸಿನ ಮೊಮ್ಮಗನಿಗೂ ಮನೆಯಲ್ಲಿ ಕೂತು ಕೂತು ಸಾಕಾಗಿತ್ತು. ಗುಬ್ಬಿಗೆ ಹೋಗೋಣ, ಅಲ್ಲಿಂದ ಚೇಳೂರಿನ ಕಡೆ ನನ್ನ ಅಕ್ಕನ ಮನೆಗೆ ಹೋಗಿ ಹಲಸಿನ ಹಣ್ಣು ತರೋಣ ಎಂದೆ. ಜೀಪು ಹತ್ತಿದ ಮೂರನೇ ನಿಮಿಷಕ್ಕೆ ಮೊಮ್ಮಗಳ ಬೆರಳು ಟೇಪಿನ ಮೇಲಿತ್ತು.

“ತಾತ, ಇದೇನು?”

“ಏನಿಲ್ಲಮ್ಮ, ಅಲ್ಲೊಂದು ದೀಪ ಕಣ್ಣಿಗೆ ಚುಚ್ಚುತ್ತೆ.”

ಅವಳು ಉಗುರಿನಿಂದ ಟೇಪು ಕಿತ್ತು, ಗಾಜಿಗೆ ಅಂಟಿದ್ದ ಗೋಂದನ್ನು ಲಂಗದ ತುದಿಯಿಂದ ಒರೆಸಿದಳು. ದೀಪ ಆಗ ಆರಿತ್ತು. “ಹೊತ್ತಿಕೊಂಡರೆ ನಾನು ಬರೆದುಕೊಳ್ತೀನಿ” ಎಂದು ಚೀಲದಿಂದ ಹಳೆಯ ನೋಟ್‌ಬುಕ್ ತೆಗೆದಳು. ಸಮಯ, ಜಾಗ, ರಸ್ತೆ ಹೇಗಿತ್ತು, ತಾತ ಏನು ಮಾಡ್ತಿದ್ದರು ಅಂತ ನಾಲ್ಕು ಗೆರೆ ಎಳೆದು ನಾಲ್ಕು ಕಾಲಂ ಮಾಡಿದಳು. ಕೊನೆಯ ಕಾಲಂ ನನಗೇನೂ ಹಿಡಿಸಲಿಲ್ಲ.

ತುಮಕೂರಿನಿಂದ ಗುಬ್ಬಿಗೆ ಸುಮಾರು ಇಪ್ಪತ್ತು ಕಿಲೋಮೀಟರ್. ನಮ್ಮೂರಿನ ನಡುವೆ ಹಾದುಹೋಗುವ ಬಿ.ಎಚ್. ರಸ್ತೆಯೇ ಅತ್ತ ಹೋಗುವುದು. ಬಿ.ಎಚ್. ಎಂದರೆ ಬೆಂಗಳೂರು–ಹೊನ್ನಾವರ ಎಂದು ಹೇಳಿದಾಗ ಮೊಮ್ಮಗ, “ಹಾಗಾದ್ರೆ ಇಲ್ಲಿಂದ ಹಿಂಗೇ ಹೋದ್ರೆ ಸಮುದ್ರ ಸಿಗುತ್ತಾ?” ಎಂದು ಕತ್ತು ಉದ್ದ ಮಾಡಿದ. ಸಿಗುತ್ತೆ, ಆದರೆ ಇವತ್ತಲ್ಲ. ಹೆಗ್ಗೆರೆ, ಮಲ್ಲಸಂದ್ರ ದಾಟಿದ ಮೇಲೆ ತೆಂಗು ಅಡಿಕೆ ತೋಟಗಳು. ಪಕ್ಕದಲ್ಲೆಲ್ಲೋ ಅರಸೀಕೆರೆಗೆ ಹೋಗುವ ರೈಲಿನ ಹಳಿ ಒಮ್ಮೆ ಕಂಡು ಒಮ್ಮೆ ಮರೆಯಾಗುತ್ತದೆ. ದೀಪ ಸುಮ್ಮನಿತ್ತು. ಗುಬ್ಬಿ ಊರೊಳಗೆ ಹೋಗಲು ಬಲಕ್ಕೆ ಹೊರಳಿಸಿದೆ ನೋಡಿ, ಹೊತ್ತಿಕೊಂಡಿತು.

“ಒಂಬತ್ತು ಇಪ್ಪತ್ತು” ಎಂದು ಹಿಂದಿನಿಂದ ಧ್ವನಿ ಬಂತು.

ಗುಬ್ಬಿಯಲ್ಲಿ ಇಳಿದು ತಟ್ಟೆ ಇಡ್ಲಿ ತಿಂದೆವು. ತಟ್ಟೆ ಇಡ್ಲಿ ಎಂದರೆ ಕ್ಯಾತ್ಸಂದ್ರವೇ ಎನ್ನುವವರ ಜೊತೆ ನಾನು ಜಗಳಕ್ಕೆ ಹೋಗುವುದಿಲ್ಲ. ಆದರೆ ಹಸಿದವನಿಗೆ ಗುಬ್ಬಿಯದೂ ಅಷ್ಟೇ ಮೆತ್ತಗೆ. ಊರಿನ ದೇವರು ಚನ್ನಬಸವೇಶ್ವರ. ಆ ದೇವರ ಹೆಸರಿನಲ್ಲೇ 1884ರಲ್ಲಿ ಇಲ್ಲಿ ಒಂದು ನಾಟಕ ಕಂಪನಿ ಹುಟ್ಟಿತು. ಮುಂದೆ ಅದನ್ನು ಊರೂರಿಗೆ ಕೊಂಡೊಯ್ದವರು ಗುಬ್ಬಿ ವೀರಣ್ಣನವರು. ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ತಂದವರು ಅವರು. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಎಲ್ಲರೂ ಆ ಕಂಪನಿಯ ಅನ್ನ ತಿಂದವರೇ. ನಮ್ಮಾಕೆ ಇದನ್ನೆಲ್ಲ ಮಕ್ಕಳಿಗೆ ಹೇಳುತ್ತಿದ್ದರೆ ನಾನು ತೇರಿನ ಗಾಲಿಯ ಬಗ್ಗೆ ಯೋಚಿಸುತ್ತಿದ್ದೆ.

ದೊಡ್ಡ ತೇರನ್ನು ನಿಲ್ಲಿಸುವುದು ಹೇಗೆ ಗೊತ್ತಲ್ಲ? ಗಾಲಿಯ ಅಡಿಗೆ ಮರದ ಸನ್ನೆ ಕೊಡುತ್ತಾರೆ. ಅಡ್ಡ ಸಿಕ್ಕ ಗಾಲಿ ನಿಲ್ಲುತ್ತದೆ. ತೇರು ಹೋಗುವುದು ನಡಿಗೆಯ ವೇಗದಲ್ಲಿ, ಆದ್ದರಿಂದ ಗಾಲಿ ನಿಂತರೆ ತೇರೂ ನಿಲ್ಲುತ್ತದೆ. ಅರವತ್ತು ಕಿಲೋಮೀಟರ್ ವೇಗದ ಗಾಡಿಯಲ್ಲಿ ಹಾಗಲ್ಲ. ಬ್ರೇಕು ಬಲವಾಗಿ ತುಳಿದರೆ ಚಕ್ರ ನಿಂತುಬಿಡುತ್ತದೆ, ಗಾಡಿ ನಿಲ್ಲುವುದಿಲ್ಲ. ನಿಂತ ಚಕ್ರದ ಮೇಲೆ ಅದು ಜಾರುತ್ತಾ ಹೋಗುತ್ತದೆ. ಉರುಳುವ ಚಕ್ರವನ್ನು ಸ್ಟಿಯರಿಂಗ್ ತಿರುಗಿಸಿ ಬೇಕಾದ ಕಡೆ ಕರೆದೊಯ್ಯಬಹುದು. ಜಾರುವ ಚಕ್ರ ನಿಮ್ಮ ಮಾತು ಕೇಳುವುದಿಲ್ಲ, ಹೋಗುತ್ತಿದ್ದ ದಿಕ್ಕಿಗೇ ಹೋಗುತ್ತದೆ.

ಮಕ್ಕಳೇ, ಇದನ್ನು ಸೈಕಲ್ಲಿನಲ್ಲಿ ನೀವೇ ನೋಡಬಹುದು. ಅಂಗಳದ ಮಣ್ಣಿನ ಮೇಲೆ, ನಿಧಾನವಾಗಿ ಹೋಗುತ್ತಾ, ಹಿಂದಿನ ಬ್ರೇಕು ಮಾತ್ರ ಗಟ್ಟಿಯಾಗಿ ಹಿಡಿಯಿರಿ. ಚಕ್ರ ನಿಲ್ಲುತ್ತದೆ, ಸೈಕಲ್ಲು ಸರ್‍ರನೆ ಜಾರಿ ಮಣ್ಣಿನಲ್ಲಿ ಒಂದು ಗೆರೆ ಎಳೆಯುತ್ತದೆ. ಅಕ್ಕನ ಮನೆಯ ಅಂಗಳದಲ್ಲಿ ಮೊಮ್ಮಗ ಇದನ್ನು ಹದಿನೈದು ಸಲ ಮಾಡಿದ. ಟೈರು ಸವೆದರೆ ಯಾರು ಕೊಡಿಸುತ್ತಾರೆ ಎಂದು ಅಕ್ಕ ಕೇಳಿದಳು.

ಎಬಿಎಸ್ ಮಾಡುವುದು ಇಷ್ಟೇ: ಚಕ್ರ ಪೂರ್ತಿ ನಿಲ್ಲಲು ಹೊರಟಿತು ಎಂದು ಗೊತ್ತಾದ ಕೂಡಲೇ ಆ ಚಕ್ರದ ಬ್ರೇಕನ್ನು ಕ್ಷಣಕಾಲ ಸಡಿಲ ಬಿಟ್ಟು, ಮತ್ತೆ ಹಿಡಿಯುವುದು. ಬಿಡು, ಹಿಡಿ, ಬಿಡು, ಹಿಡಿ, ಹೀಗೆ ಒಂದು ಸೆಕೆಂಡಿನಲ್ಲಿ ಎಷ್ಟೋ ಬಾರಿ. ಕಾಲಿನ ಕೆಳಗೆ ಪೆಡಲು ಕಟಕಟ ಎಂದು ನಡುಗುತ್ತದೆ. ಹೆದರಿ ಕಾಲು ತೆಗೆಯಬಾರದು, ಒತ್ತಿಯೇ ಇರಬೇಕು. ಮೊದಮೊದಲು ಇಂಥ ಏರ್ಪಾಡು ಬಂದದ್ದು ವಿಮಾನದ ಚಕ್ರಗಳಿಗೆ. ಕಾರಿಗೆ ಎಲೆಕ್ಟ್ರಾನಿಕ್ ಎಬಿಎಸ್ 1978ರಲ್ಲಿ ಜರ್ಮನಿಯಲ್ಲಿ ಬಂತು. ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆಲ್ಲ ಇದು ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ನಮ್ಮ ಜೀಪು ಕೊಂಡ ಕಾಲಕ್ಕೆ ಹೆಚ್ಚು ದುಡ್ಡು ಕೊಟ್ಟವರಿಗೆ ಮಾತ್ರ ಸಿಗುತ್ತಿತ್ತು. ಕೊಟ್ಟಿದ್ದೆ. ಕೊಟ್ಟು, ಈಗ ಟೇಪು ಅಂಟಿಸಿದ್ದೆ.

ಒಂದು ಮಾತು ಸೇರಿಸಬೇಕು. ಎಬಿಎಸ್ ಇದ್ದರೆ ಎಲ್ಲ ಕಡೆಯೂ ಬೇಗ ನಿಲ್ಲುತ್ತೇವೆ ಎಂದಲ್ಲ. ಸಡಿಲ ಜಲ್ಲಿ, ಮಣ್ಣಿನ ಮೇಲೆ ಸ್ವಲ್ಪ ಹೆಚ್ಚೇ ದೂರ ಹೋಗಬಹುದು, ಯಾಕೆಂದರೆ ನಿಂತ ಚಕ್ರ ತನ್ನ ಮುಂದೆ ಮಣ್ಣು ಗುಡ್ಡೆ ಹಾಕಿಕೊಂಡು ನಿಲ್ಲುತ್ತದೆ, ಉರುಳುವ ಚಕ್ರಕ್ಕೆ ಆ ಅನುಕೂಲವಿಲ್ಲ. ತೋಟದ ದಾರಿಯಲ್ಲಿ ಜೀಪು ಓಡಿಸುವವರಿಗೆ ಇದು ಗೊತ್ತಿರಬೇಕು.

ಚಕ್ರ ನಿಲ್ಲಲು ಹೊರಟಿದೆ ಎಂದು ಅದಕ್ಕೆ ಹೇಗೆ ಗೊತ್ತಾಗುತ್ತದೆ? ಇದನ್ನು ವಿವರಿಸಲು ನನಗೆ ಖುಷಿ. ನಾನು ದುಡಿದದ್ದು ತುಮಕೂರಿನ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯಲ್ಲಿ. 2016ರಲ್ಲಿ ಅದು ಮುಚ್ಚಿತು. ಹಲ್ಲಿನ ಚಕ್ರಗಳ ಜೊತೆ ಬಾಳಿದವನು ನಾನು. ಜೀಪಿನ ಪ್ರತಿ ಚಕ್ರದ ಒಳಗೂ ಹಲ್ಲುಗಳಿರುವ ಒಂದು ಉಕ್ಕಿನ ಬಳೆ ಇದೆ. ಅದರ ಎದುರಿಗೆ, ಉಗುರಿನ ದಪ್ಪದಷ್ಟೂ ಇಲ್ಲದ ಸಂದಿ ಬಿಟ್ಟು, ಒಂದು ಸೆನ್ಸರ್ ಕೂತಿದೆ. ಹಳೆಯ ಗಾಡಿಗಳಲ್ಲಿ ಅದು ಅಯಸ್ಕಾಂತದ ಸುತ್ತ ಸುತ್ತಿದ ತೆಳು ತಾಮ್ರದ ತಂತಿ, ಅಷ್ಟೇ. ಹಲ್ಲೊಂದು ಎದುರಿಗೆ ಹಾದುಹೋದಾಗಲೆಲ್ಲ ತಂತಿಯಲ್ಲಿ ಚೂರು ವಿದ್ಯುತ್ ಮಿಡಿಯುತ್ತದೆ. ಸೈಕಲ್ ಡೈನಮೋದ ತಮ್ಮ ಎನ್ನಿ. ಮಿಡಿತ ಎಣಿಸಿದರೆ ವೇಗ ಗೊತ್ತಾಯಿತು.

ಎಣಿಸುವುದು ಒಂದು ಪುಟ್ಟ ಕಂಪ್ಯೂಟರ್. ಅದನ್ನು ಕ್ಲಾಸ್ ಟೀಚರ್ ಅಂದುಕೊಳ್ಳಿ. ನಾಲ್ಕು ಚಕ್ರಗಳ ಹಾಜರಿ ಕರೆಯುತ್ತಲೇ ಇರುತ್ತಾರೆ. ಎಲ್ಲರೂ ‘ಹಾಜರ್’ ಎನ್ನುತ್ತಿದ್ದರೆ ಸರಿ. ಒಬ್ಬ ನಡುವೆ ಉತ್ತರ ಕೊಡದಿದ್ದರೆ ಟೀಚರ್ ಪುಸ್ತಕ ಮುಚ್ಚಿ, ‘ಇವತ್ತು ಎಬಿಎಸ್ ಪಾಠವಿಲ್ಲ’ ಎಂದು ಹಳದಿ ದೀಪ ಹಚ್ಚುತ್ತಾರೆ. ಮಾಮೂಲಿ ಬ್ರೇಕು ಕೆಲಸ ಮಾಡುತ್ತಲೇ ಇರುತ್ತದೆ. ಅದಕ್ಕೇ ಆ ಹುಡುಗ ಬ್ರೇಕ್ ಹಿಡೀತಾ ಇದೆಯಲ್ಲ ಎಂದದ್ದು. ಹಿಡಿಯುತ್ತಿತ್ತು, ನಿಜ.

ಚೇಳೂರಿನ ಸಿದ್ದು ಹಲಸಿನ ಹೆಸರು ಈಗ ದೊಡ್ಡದು. ತೊಳೆ ಕೆಂಪು ತಾಮ್ರದ ಬಣ್ಣ. ಅಕ್ಕನ ಮನೆಯದು ಆ ಜಾತಿಯದಲ್ಲ, ಹಳದಿಯದೇ. ಸಿಹಿಗೇನೂ ಕಡಿಮೆ ಇರಲಿಲ್ಲ. ಎರಡು ಹಣ್ಣು ಹಿಂದೆ ಹಾಕಿಕೊಂಡು ಹೊರಟೆವು. ವಾಪಸು ಬರುವಾಗ ಮೊಮ್ಮಗ ಹೆಲಿಕಾಪ್ಟರ್ ನೋಡಬೇಕೆಂದ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಇದೆ, 615 ಎಕರೆ, 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದದ್ದು. ಒಳಗೆ ಬಿಡುವುದಿಲ್ಲ, ಆಕಾಶದಲ್ಲೂ ಏನೂ ಹಾರುತ್ತಿರಲಿಲ್ಲ. “ಹೆಲಿಕಾಪ್ಟರ್‌ನಲ್ಲೂ ಹಳದಿ ದೀಪ ಇರುತ್ತಾ ತಾತ? ಪೈಲಟ್ ಟೇಪ್ ಅಂಟಿಸ್ತಾನಾ?” ಎಂದ. ನಮ್ಮಾಕೆ ಕಿಟಕಿಯಿಂದಾಚೆ ನೋಡುತ್ತಾ ನಕ್ಕಳು.

ಅವತ್ತು ಸಂಜೆಗೆ ನೋಟ್‌ಬುಕ್ಕಿನಲ್ಲಿ ಆರು ಸಾಲು. ಮರುದಿನ ಊರೊಳಗಿನ ಓಡಾಟದಲ್ಲಿ ಇನ್ನೂ ಐದು.

ಮೂರನೆಯ ದಿನ ಕುಣಿಗಲ್ ಕಡೆ ಹೊರಟೆವು. ದಾರಿಯಲ್ಲಿ ಮೊದಲು ಸಿಗುವುದು ಗೂಳೂರು, ಜೇಡಿಮಣ್ಣಿನ ದೊಡ್ಡ ಗಣಪತಿಯ ಊರು. ಕಾರ್ತಿಕದಲ್ಲಿ ಬಂದರೆ ಆ ಗಣಪನ ಮುಂದೆ ಕತ್ತೆತ್ತಿ ನಿಲ್ಲಬೇಕು. ನಾವು ಹೋದದ್ದು ಅಕಾಲ. ಅಲ್ಲಿಂದ ಹತ್ತಿರದ ಕೈದಾಳಕ್ಕೆ ಹೊರಳಿದೆವು. ಹೊಯ್ಸಳರ ಕಾಲದ, 12ನೇ ಶತಮಾನದ ನಡುಭಾಗದ ಚೆನ್ನಕೇಶವ ದೇವಾಲಯ. ಬೇಲೂರು ಹಳೇಬೀಡಿನಂತೆ ಜನ ಮುಗಿಬೀಳುವ ಜಾಗವಲ್ಲ. ಹಳ್ಳಿಯ ನಡುವೆ ತಣ್ಣಗೆ ನಿಂತಿದೆ. ಒಳಗಿನ ಕೇಶವನನ್ನು ನೋಡಿದರೆ ಮಾತ್ರ, ಇಷ್ಟು ಹತ್ತಿರವಿದ್ದೂ ಹತ್ತು ವರ್ಷದಿಂದ ಯಾಕೆ ಬರಲಿಲ್ಲ ಎನ್ನಿಸುತ್ತದೆ.

ಕೈದಾಳದ ಕಥೆ ಅಜ್ಜಿಯಂದಿರಿಗೆಲ್ಲ ಗೊತ್ತು. ಆದರೂ ನಮ್ಮಾಕೆ ಕಲ್ಲಿನ ಜಗಲಿಯ ಮೇಲೆ ಕೂತು ಪೂರ್ತಿ ಹೇಳಿದಳು. ಬೇಲೂರಿನಲ್ಲಿ ಜಕಣಾಚಾರಿ ಕಡೆದ ಮೂರ್ತಿಯಲ್ಲಿ ದೋಷವಿದೆ ಎಂದು ಒಬ್ಬ ಹುಡುಗ ಹೇಳಿದನಂತೆ. ದೋಷ ತೋರಿಸಿದರೆ ನನ್ನ ಬಲಗೈ ಕತ್ತರಿಸಿಕೊಳ್ಳುತ್ತೇನೆ ಎಂದನಂತೆ ಜಕಣಾಚಾರಿ. ಹುಡುಗ ವಾದ ಮಾಡಲಿಲ್ಲ. ಮೂರ್ತಿಗೆಲ್ಲ ಗಂಧ ಬಳಿಸಿದ. ಎಲ್ಲ ಕಡೆ ಗಂಧ ಒಣಗಿತು, ಹೊಕ್ಕಳ ಹತ್ತಿರ ಮಾತ್ರ ಒಣಗಲಿಲ್ಲ. ಅಲ್ಲಿ ಉಳಿ ಇಟ್ಟರೆ ಪೊಳ್ಳು, ನೀರು, ನೀರಿನಲ್ಲಿ ಒಂದು ಕಪ್ಪೆ! ಆ ಹುಡುಗ ಅವನದೇ ಮಗ ಡಂಕಣ. ಕೈ ಕಳೆದುಕೊಂಡ ಜಕಣಾಚಾರಿ ಇಲ್ಲಿ ಈ ಗುಡಿ ಕಟ್ಟಿದ ಮೇಲೆ ಕೈ ಮರಳಿ ಬಂತು, ಆದ್ದರಿಂದ ಕೈದಾಳ. ಇತಿಹಾಸಕಾರರು ಇದನ್ನು ಕಥೆಯೆಂದೇ ಎಣಿಸುತ್ತಾರೆ. ಬೇಲೂರಿನಲ್ಲಿ ಇಂದಿಗೂ ಕಪ್ಪೆ ಚೆನ್ನಿಗರಾಯನ ಗುಡಿ ಇದೆ ಎಂದು ನಮ್ಮಾಕೆ ಹೇಳಿದ ಮೇಲೆ ಮೊಮ್ಮಗನಿಗೆ ಇತಿಹಾಸಕಾರರ ಗೊಡವೆಯೇ ಬೇಡವಾಯಿತು.

“ಒಣಗದೇ ಇರೋ ಜಾಗ ಹುಡುಕಬೇಕು” ಎಂದು ಮೊಮ್ಮಗಳು ಯಾರಿಗೂ ಅಲ್ಲದ ಹಾಗೆ ಹೇಳಿಕೊಂಡಳು.

ಹೆಬ್ಬೂರು ದಾಟುವ ಹೊತ್ತಿಗೆ ಪಡುವಣ ಕಪ್ಪಾಗಿತ್ತು. ದಪ್ಪ ಹನಿ ಬಿದ್ದು, ಐದೇ ನಿಮಿಷದಲ್ಲಿ ರಸ್ತೆಯೆಲ್ಲ ನೀರು. ಒಂದು ಉಬ್ಬು ಹಾರಿಸಿದೆ, ದೀಪ ಹೊತ್ತಿತು. “ಹನ್ನೊಂದು ನಲವತ್ತು, ನೇರ ರಸ್ತೆ, ಮಳೆ” ಎಂದಳು ಮೊಮ್ಮಗಳು. ಗಾಡಿ ನಿಲ್ಲಿಸಿ, ಕೀಲಿ ತೆಗೆದು ಹಾಕಬಹುದಿತ್ತು. ಮಳೆಯಲ್ಲಿ ಯಾಕೆ ನಿಲ್ಲುವುದು ಎಂದು ನಿಲ್ಲಿಸಲಿಲ್ಲ. ವೇಗವನ್ನೂ ಕಡಿಮೆ ಮಾಡಲಿಲ್ಲ. ಅದೇ ನನ್ನ ತಪ್ಪು, ಟೇಪಿಗಿಂತ ದೊಡ್ಡದು.

ಎಡಗಡೆಯ ತೋಟದಿಂದ ಕುರಿಗಳು ಬಂದವು. ಮಳೆಗೆ ಹೆದರಿದ ಕುರಿ ಒಂದರ ಹಿಂದೆ ಒಂದು ನುಗ್ಗುತ್ತದೆ, ನೋಡುವುದಿಲ್ಲ. ಅವುಗಳ ಹಿಂದೆ ತಲೆಗೆ ಗೋಣಿ ಹೊದ್ದ ಒಬ್ಬ ಹುಡುಗ, ನಮ್ಮ ಮೊಮ್ಮಗಳಷ್ಟೇ ವಯಸ್ಸು. ಬ್ರೇಕು ತುಳಿದೆ. ಪೆಡಲು ನಡುಗಲಿಲ್ಲ, ಕಲ್ಲಿನಂತೆ ಗಟ್ಟಿಯಾಗಿ ನಿಂತಿತು. ಸ್ಟಿಯರಿಂಗ್ ಬಲಕ್ಕೆ ತಿರುಗಿಸಿದೆ. ಜೀಪು ತಿರುಗಲಿಲ್ಲ. ನಲವತ್ತು ವರ್ಷದ ಅನುಭವ ಎಂದೆನಲ್ಲ, ಅದರಲ್ಲಿ ನನಗೆ ಆಗ ನೆನಪಾದದ್ದು ಒಂದೇ: ಕಾಲು ಎತ್ತು. ಎತ್ತಿದೆ, ಚಕ್ರ ಉರುಳಿತು, ಮೂತಿ ಬಲಕ್ಕೆ ಹೊರಳಿತು, ಮತ್ತೆ ತುಳಿದೆ. ಜೀಪು ಅಡ್ಡಡ್ಡ ಜಾರಿ ರಸ್ತೆಯ ಬಲ ಅಂಚಿನ ಕೆಸರಿಗೆ ಇಳಿದು ನಿಂತಿತು. ಎದುರಿನಿಂದ ಯಾವ ಗಾಡಿಯೂ ಬರುತ್ತಿರಲಿಲ್ಲ. ಬರುತ್ತಿದ್ದರೆ ಎಂಬುದನ್ನು ರಾತ್ರಿ ಮಲಗಿದಾಗ ಈಗಲೂ ಯೋಚಿಸುತ್ತೇನೆ.

ಹುಡುಗನಿಗೆ ಏನೂ ಆಗಲಿಲ್ಲ, ಕುರಿಗಳಿಗೂ. ಆ ಹುಡುಗ ನಮ್ಮನ್ನು ಒಂದು ಕ್ಷಣ ನೋಡಿ, ಕುರಿಗಳನ್ನು ದಾಟಿಸಿಕೊಂಡು ಹೋದ. ಒಳಗೆ ಎಲ್ಲರೂ ಬೆಲ್ಟ್ ಹಾಕಿದ್ದೆವು. ಯಾರೂ ಮಾತಾಡಲಿಲ್ಲ. ವೈಪರ್ ಮಾತ್ರ ಓಡಾಡುತ್ತಿತ್ತು. ಆಮೇಲೆ ನಮ್ಮಾಕೆ ನಿಧಾನವಾಗಿ ಹೇಳಿದಳು, “ಕುಣಿಗಲ್‌ವರೆಗೂ ಎತ್ತಿನ ಗಾಡಿಯ ಹಾಗೆ ಹೋಗಿ. ಅಲ್ಲಿಂದ ಮಕ್ಕಳು ನನ್ನ ಜೊತೆ ಬಸ್ಸಿನಲ್ಲಿ ಬರ್ತಾರೆ.”

ಕೆಸರಿನಿಂದ ಈಚೆ ಬರಲು ನಾಲ್ಕು ಚಕ್ರದ ಗೇರು ಹಾಕಿದೆ. ಹಳೆಯ ಗಾಡಿ ಸಲೀಸಾಗಿ ಹತ್ತಿತು. ಹೋಗುವುದಕ್ಕೆ ನಾಲ್ಕು ಚಕ್ರವೂ ಕೈಜೋಡಿಸುತ್ತವೆ, ನಿಲ್ಲುವಾಗ ಆ ಹೆಚ್ಚಿನ ಬಲದಿಂದ ಮೂರು ಕಾಸಿನ ಪ್ರಯೋಜನವಿಲ್ಲ.

ಕುಣಿಗಲ್ ಬಸ್ ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ ಒಬ್ಬ ಆಟೋ ಎಲೆಕ್ಟ್ರಿಷಿಯನ್ನರ ಅಂಗಡಿ ಸಿಕ್ಕಿತು. ಒಂದು ಬೆಂಚು, ಒಂದು ರ್‍ಯಾಕು, ಗೋಡೆಯ ತುಂಬ ತಂತಿಯ ಸುರುಳಿ. ಐವತ್ತು ದಾಟಿದ ಮನುಷ್ಯ. ದೀಪದ ವಿಷಯ ಹೇಳಿದೆ. ಅವರು ಮೊದಲು ಕೇಳಿದ್ದು, “ಕೆಂಪು ದೀಪವೂ ಜೊತೇಲಿ ಬರುತ್ತಾ?” ಇಲ್ಲ ಎಂದೆ. “ಹಾಗಿದ್ರೆ ಸರಿ. ಹಳದಿ ಜೊತೆ ಕೆಂಪು ಬ್ರೇಕ್ ದೀಪನೂ ಬಂದ್ರೆ ಒಂದು ಮಾರೂ ಓಡಿಸಬೇಡಿ.” ಆಮೇಲೆ, “ಇದು ಯಾವಾಗ ಬರುತ್ತೆ?”

ಎರಡು ಗ್ಯಾರೇಜಿನಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ನಾನು ತಡವರಿಸುತ್ತಿದ್ದಾಗ ಮೊಮ್ಮಗಳು ನೋಟ್‌ಬುಕ್ ಮುಂದೆ ಹಿಡಿದಳು. ಅವರು ಕನ್ನಡಕ ಹಾಕಿಕೊಂಡು ಹದಿನಾಲ್ಕು ಸಾಲನ್ನೂ ಬೆರಳಿಟ್ಟು ಓದಿದರು. ಒಂಬತ್ತು ಸಲ ಬಲ ತಿರುವು. ಮೂರು ಸಲ ಹಳ್ಳ ಅಥವಾ ಉಬ್ಬು. ಎರಡು ಸಲ ಮಳೆಯಲ್ಲಿ, ಅದರಲ್ಲಿ ಒಂದು ಉಬ್ಬಿನ ಮೇಲೆ. ಎಡ ತಿರುವಿನಲ್ಲಿ ಒಂದೂ ಇಲ್ಲ.

“ಯಾರಮ್ಮ ಬರೆದದ್ದು?”

“ನಾನು.”

“ಅರ್ಧ ಕೆಲಸ ನೀನೇ ಮಾಡಿದ್ದೀಯ” ಎಂದು ಅವರು ಬಾನೆಟ್ ಎತ್ತಿದರು.

ಅವರು ಮಾಡಿದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಅದು ನೋಡುವ ಹಾಗಿತ್ತು. ಮೊದಲು ಬ್ಯಾಟರಿಯ ತಂತಿ ಬಿಚ್ಚಿದರು. ಎಡ ಮುಂಚಕ್ರದ ಹತ್ತಿರ ಸೆನ್ಸರಿನ ಕೊಂಡಿ ಕಳಚಿ ಮೀಟರ್ ಹಿಡಿದರು. ಮೀಟರ್ ಓದುವ ಕೆಲಸ ಮೊಮ್ಮಗನಿಗೆ. “ಸಾವಿರದ ನೂರು ಓಮ್!” ಸ್ಟಿಯರಿಂಗ್ ಪೂರ್ತಿ ಬಲಕ್ಕೆ ತಿರುಗಿಸಲು ನನಗೆ ಹೇಳಿದರು. “ಸಾವಿರದ ನೂರೇ!” ಅಂದರೆ ಸೆನ್ಸರ್ ಚೆನ್ನಾಗಿದೆ. ಹಾಗಾದರೆ ನನ್ನ ನಾಲ್ಕು ಸಾವಿರದ ಎಂಟುನೂರು? ಹಳೆಯದೂ ಬಹುಶಃ ಚೆನ್ನಾಗಿಯೇ ಇತ್ತು. ಕಂಪ್ಯೂಟರ್ ಸುಳ್ಳು ಹೇಳಿರಲಿಲ್ಲ. ಎಡ ಮುಂಚಕ್ರದಿಂದ ಉತ್ತರ ಬರುತ್ತಿಲ್ಲ ಎಂದಷ್ಟೇ ಅದು ಹೇಳಿತ್ತು. ಉತ್ತರ ಕೊಡುವವನು ಮೂಕನಾಗಿದ್ದಾನೋ, ದಾರಿಯಲ್ಲಿ ಮಾತು ಕಳೆದುಹೋಗುತ್ತಿದೆಯೋ ಎಂದು ನೋಡಬೇಕಾದದ್ದು ಮನುಷ್ಯರು.

ಕೊಂಡಿ ಮತ್ತೆ ಸೇರಿಸಿ, ಈಗ ಎಂಜಿನ್ನಿನ ಪಕ್ಕದ ಎಬಿಎಸ್ ಪೆಟ್ಟಿಗೆಯ ಕಡೆಯಿಂದ ಮೀಟರ್ ಹಿಡಿದರು. ಚಕ್ರ ನೇರವಿದ್ದಾಗ ಸಾವಿರದ ನೂರು. “ಬಲಕ್ಕೆ ತಿರುಗಿಸಿ ಸಾರ್, ನಿಧಾನ.” ನಾನು ತಿರುಗಿಸುತ್ತಿದ್ದೆ. ಮೊಮ್ಮಗ ಕೂಗುತ್ತಿದ್ದ. “ಸಾವಿರದ ನೂರು... ಸಾವಿರದ ನೂರು... ಹೋಯ್ತು! ನಂಬರೇ ಹೋಯ್ತು!” ಎಡಕ್ಕೆ ತಂದರೆ ಮತ್ತೆ ಬಂತು. ಬಲಕ್ಕೆ ಹೋದರೆ ಹೋಯಿತು. ಇಷ್ಟು ದಿನ ಗ್ಯಾರೇಜಿನಲ್ಲಿ ಮುಖ ತೋರಿಸದಿದ್ದ ಕಾಯಿಲೆ ನಮ್ಮೆಲ್ಲರ ಎದುರು ಕುಣಿಯುತ್ತಿತ್ತು.

ಟಾರ್ಚ್ ಹಿಡಿದು ಅವರು ಮಡ್‌ಗಾರ್ಡಿನ ಕೆಳಗೆ ಮಲಗಿದರು. ಸೆನ್ಸರಿನ ಕೊಂಡಿಯಿಂದಾಚೆ ಗಾಡಿಯದೇ ಹಳೆಯ ತಂತಿ ಇತ್ತು. ಅದನ್ನು ಹಿಡಿದಿಡಬೇಕಾದ ಕ್ಲಿಪ್ಪು ಯಾವಾಗಲೋ ಬಿದ್ದುಹೋಗಿತ್ತು. ಜೋತುಬಿದ್ದ ತಂತಿ ಕಬ್ಬಿಣದ ಅಂಚಿಗೆ ಉಜ್ಜಿ ಉಜ್ಜಿ ಮೇಲಿನ ರಬ್ಬರು ಸವೆದಿತ್ತು. ಬಲಕ್ಕೆ ತಿರುಗಿದಾಗ ತಂತಿ ಬಿಗಿಯುತ್ತಿತ್ತು. ಸವೆದ ಜಾಗವನ್ನು ಬ್ಲೇಡಿನಿಂದ ಸೀಳಿ ತೋರಿಸಿದರು. ಒಳಗೆ ತಾಮ್ರ ಹಸಿರಾಗಿತ್ತು, ನೀರು ಕೂತಿತ್ತು. ಎರಡೋ ಮೂರೋ ಎಳೆ ಮಾತ್ರ ಒಂದಕ್ಕೊಂದು ತಾಗಿಕೊಂಡಿದ್ದವು.

“ಹೊಕ್ಕಳು ಸಿಕ್ತು!” ಎಂದು ಮೊಮ್ಮಗ ಕಿರುಚಿದ. ಎಲೆಕ್ಟ್ರಿಷಿಯನ್ನರಿಗೆ ಅರ್ಥವಾಗಲಿಲ್ಲ. “ಕಪ್ಪೆ ಇದೆಯಾ ನೋಡಿ ಅಂಕಲ್!” ಅವರು ನನ್ನ ಕಡೆ ನೋಡಿದರು. ಕೈದಾಳಕ್ಕೆ ಹೋಗಿದ್ದೆವು ಎಂದೆ. ಆಗ ಅವರೂ ನಕ್ಕರು. ಮೂರೂವರೆ ಗಂಟೆಯಲ್ಲಿ ಮೊದಲ ಸಲ ನಮ್ಮಾಕೆಯೂ.

ಕೆಟ್ಟ ಭಾಗ ಕತ್ತರಿಸಿ, ಹೊಸ ತಂತಿ ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಕೊಳವೆ ತೊಡಿಸಿ, ಎರಡೂ ಕಡೆ ತಿರುವಿಗೆ ಸಾಕಾಗುವಷ್ಟು ಸಡಿಲ ಬಿಟ್ಟು ಕ್ಲಿಪ್ಪು ಹಾಕಲು ಒಂದು ಗಂಟೆ ಬೇಕೆಂದರು. ಮಳೆ ನಿಂತಿತ್ತು. ನಮ್ಮಾಕೆ ಮಕ್ಕಳನ್ನು ಕರೆದುಕೊಂಡು ಕುಣಿಗಲ್ ಕೆರೆ ಏರಿಗೆ ಹೋದಳು. ಕನ್ನಡಿಗರ ಬಾಯಲ್ಲಿ ಜನಪದ ಹಾಡಾಗಿ ಉಳಿದ ಕೆರೆ ಅದು. ಏರಿಯ ಮೇಲೆ ನಿಂತು ಅವಳು ಹಾಡಿದಳಂತೆ. ದಾರಿಯಲ್ಲಿ ಕುದುರೆ ಫಾರಂನ ಬೇಲಿಯಾಚೆ ಮೂರು ಕುದುರೆಗಳು ಮೇಯುತ್ತಿದ್ದವಂತೆ. ಟಿಪ್ಪುವಿನ ಕಾಲದಲ್ಲಿ ಸೈನ್ಯಕ್ಕೆ ಕುದುರೆ ಸಾಕುತ್ತಿದ್ದ ಜಾಗ, ಆಮೇಲೆ ರೇಸಿನ ಕುದುರೆಗಳದ್ದಾಯಿತು. ಲಗಾಮನ್ನು ಒಂದೇ ಸಮನೆ ಜಗ್ಗಿದರೆ ಕುದುರೆ ಮೊಂಡು ಬೀಳುತ್ತದೆ, ಎಳೆದು ಬಿಟ್ಟು ಎಳೆಯಬೇಕು ಎಂದು ಅಲ್ಲಿ ಯಾರೋ ಹೇಳಿದರಂತೆ. “ಕುದುರೆಗೂ ಎಬಿಎಸ್ ಇದೆ ತಾತ” ಎಂದು ಮೊಮ್ಮಗ ವರದಿ ಒಪ್ಪಿಸಿದ. ಮಾರ್ಕೋನಹಳ್ಳಿ ಜಲಾಶಯಕ್ಕೂ ಹೋಗುವ ಆಸೆ ಇತ್ತು. ಶಿಂಷಾ ನದಿಯ ಆ ಕಟ್ಟೆಯಲ್ಲಿ ನೀರು ಮಟ್ಟ ಮೀರಿದರೆ ಯಾರೂ ಬಾಗಿಲು ಎತ್ತದೆ ಸೈಫನ್ನುಗಳು ತಾವೇ ನೀರು ಹೊರಹಾಕುತ್ತವೆ. ಅವತ್ತು ಯಾರಿಗೂ ಉತ್ಸಾಹ ಉಳಿದಿರಲಿಲ್ಲ.

ಎಲೆಕ್ಟ್ರಿಷಿಯನ್ನರು ನಾನೂರು ರೂಪಾಯಿ ತೆಗೆದುಕೊಂಡರು. ಬ್ರೇಕಿನ ಎಣ್ಣೆ ಕಪ್ಪಾಗಿದೆ, ಅದು ಗಾಳಿಯಲ್ಲಿರುವ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು ಎಂದೂ ಹೇಳಿದರು. ಅವರ ಮುಂದೆಯೇ ಅಂಗಡಿಯ ಎದುರಿನ ಬಯಲಿನಲ್ಲಿ ಬಲಕ್ಕೆ ಹತ್ತು ಸುತ್ತು ಹಾಕಿದೆ. ದೀಪ ಬರಲಿಲ್ಲ.

“ಸರಿಯಾಯ್ತಲ್ಲ, ಹತ್ತಿ” ಎಂದೆ ಮಕ್ಕಳಿಗೆ.

“ಬಸ್ಸು ಅಂದಿದ್ದೀನಿ” ಎಂದಳು ನಮ್ಮಾಕೆ. ಎರಡು ಹಲಸಿನ ಬೀಜದ ಪೊಟ್ಟಣ, ಒಂದು ನೀರಿನ ಬಾಟಲಿ ಎತ್ತಿಕೊಂಡು ಮಕ್ಕಳ ಕೈ ಹಿಡಿದು ನಡೆದೇಬಿಟ್ಟಳು.

ತುಮಕೂರಿನ ಕೆಂಪು ಬಸ್ಸಿನ ಹಿಂದೆ ನಾನೊಬ್ಬನೇ ಜೀಪಿನಲ್ಲಿ ಹೊರಟೆ. ಹಿಂದಿನ ಗಾಜಿನಲ್ಲಿ ಮೊಮ್ಮಗನ ಮುಖ ಆಗಾಗ ಕಾಣುತ್ತಿತ್ತು. ಕುರಿಗಳು ಬಂದ ಜಾಗದಲ್ಲಿ ನನ್ನ ಕಾಲು ತಾನಾಗಿ ಆಕ್ಸಿಲರೇಟರ್ ಬಿಟ್ಟಿತು. ಕೆಸರಿನಲ್ಲಿ ನಮ್ಮ ಟೈರಿನ ಗುರುತು ಹಾಗೇ ಇತ್ತು. ಹೆಬ್ಬೂರಿನಲ್ಲಿ ನಿಲ್ಲಿಸಿ ಮಗನಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ, ಟೇಪಿನಿಂದ ಹಿಡಿದು. ಅವನು ಬಹಳ ಹೊತ್ತು ಮಾತಾಡಲಿಲ್ಲ.

“ಈಗ ಮಕ್ಕಳು ಎಲ್ಲಿ?”

“ಬಸ್ಸಿನಲ್ಲಿ. ಅಮ್ಮನ ಜೊತೆ.”

“ಸರಿ” ಎಂದ. ಸ್ವಲ್ಪ ತಡೆದು, “ನೀವು ನಿಧಾನ ಬನ್ನಿ ಅಪ್ಪ” ಎಂದ.

ತುಮಕೂರು ಬಸ್ ನಿಲ್ದಾಣದ ಹೊರಗೆ ಮೂವರೂ ಕಾಯುತ್ತಿದ್ದರು. ಮೊಮ್ಮಗಳು ಕಿಟಕಿಯ ಹತ್ತಿರ ಬಂದು ನನ್ನನ್ನು ನೋಡಲಿಲ್ಲ, ಮೀಟರಿನ ಕಡೆ ನೋಡಿದಳು. “ಬಂತಾ?”

“ಇಲ್ಲ. ಬಲ ತಿರುವು ಏಳು ಸಿಕ್ಕಿತು. ಎಣಿಸಿದೆ.”

ಅವಳು ಜೀಪಿನ ಬಾನೆಟ್ಟಿನ ಮೇಲೇ ನೋಟ್‌ಬುಕ್ ಇಟ್ಟು ಹದಿನೈದನೆಯ ಸಾಲು ಬರೆದಳು. ಸಮಯ 4.50, ತುಮಕೂರು ಬಸ್ ನಿಲ್ದಾಣ. ಮೂರನೆಯ ಕಾಲಂನಲ್ಲಿ ‘ಬರಲಿಲ್ಲ’ ಎಂದು ಬರೆದು, ಸ್ವಲ್ಪ ಯೋಚಿಸಿ, ಅದನ್ನು ಹೊಡೆದು ಹಾಕಿ ‘ಇನ್ನೂ ಬಂದಿಲ್ಲ’ ಎಂದು ತಿದ್ದಿದಳು. ಕೊನೆಯ ಕಾಲಂನಲ್ಲಿ ‘ತಾತ ಎಣಿಸುತ್ತಿದ್ದರು’ ಎಂದು ಬರೆದಳು.